ಆದಿಲಕ್ಷ್ಮಿ ಬಾಯಿ ಬಿಡಲಿಲ್ಲ

ಕಾನೂನು ಪುಸ್ತಕಗಳ ಮೇಲೆಯೇ ಗೋಣಿಚೀಲ ಧೊಪ್ಪನೆ ಬಿತ್ತು! ಕಪ್ಪು ಮಣ್ಣಿನ ಧೂಳೆದ್ದು ಆದಿಲಕ್ಷ್ಮಿಯ ಗಂಜಿ ಹಾಕಿದ ಸೀರೆಯ ಮೇಲೆಲ್ಲ ಕೂತಿತು.

"ಇದಕ್ಕೆ ಕಾನೂನಲ್ಲಿ ಏನಾದ್ರೂ ಬೆಲೆ ಇದೆಯಾ ಹೇಳ್ರೀ!"

ಅವಳು ಮಣ್ಣನ್ನು ನೋಡಿದಳು. ಆಮೇಲೆ ಅದನ್ನು ತಂದವನನ್ನು ನೋಡಿದಳು. ಎತ್ತರದ ಆಳು, ಮೊಣಕೈವರೆಗೆ ಮಡಚಿದ ತೋಳು, ಉಗುರ ಸಂದಿಯಲ್ಲಿ ಅದೇ ಕಪ್ಪು ಮಣ್ಣು. ಹಿಂದೆ ಅವನ ಗೆಳೆಯ ಬಾಗಿಲಿಗೆ ಒರಗಿ ನಗುತ್ತಾ ನಿಂತಿದ್ದ.

ಎತ್ತರದವನು ಮಾತಾಡುತ್ತಲೇ ಹೋದ. ಹೆಸರು ಕೋದಂಡರಾಮ, ಊರು ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರ, ಓದಿದ್ದು ಹೆಬ್ಬಾಳದಲ್ಲಿ ಕೃಷಿ ವಿಜ್ಞಾನ. ಗೆಳೆಯ ಮುನಿಯಲ್ಲಪ್ಪನ ಜೊತೆ ಮುಳಬಾಗಿಲಿನ ಹಳೇ ಗೋದಾಮಿನಲ್ಲಿ ಜೀವಾಣು ಗೊಬ್ಬರ ಮಾಡಲು ಹೊರಟಿದ್ದಾನೆ.

"ಕಡಲೆಕಾಯಿ ಗಿಡ ಕಿತ್ತು ಬೇರು ನೋಡಿದ್ದೀರಾ? ಸಣ್ಣ ಸಣ್ಣ ಗಂಟು ಇರ್ತವೆ. ಅದರೊಳಗೆ ಕಣ್ಣಿಗೆ ಕಾಣದ ಜೀವಾಣುಗಳು. ಗಾಳಿಯಲ್ಲಿರೋ ಸಾರಜನಕ ಹಿಡಿದು ಗಿಡಕ್ಕೆ ಉಣಿಸ್ತವೆ. ಅವನ್ನ ಬೆಳೆಸಿ ಪೊಟ್ಟಣ ಕಟ್ಟಬೇಕಾದ್ರೆ ಮಲಗೋಕೆ ಹಾಸಿಗೆ ಬೇಕಲ್ಲ? ಎಲ್ಲರೂ ಊಟಿ ಕಡೆಯಿಂದ ದುಬಾರಿ ಮಣ್ಣು ತರಿಸ್ತಾರೆ. ನಾವು ನಮ್ಮ ಕೆರೆಗೋಡಲ್ಲೇ, ಕೆರೆ ತಳದ ಕಪ್ಪು ಮಣ್ಣಲ್ಲೇ ಮಲಗಿಸ್ತೀವಿ! ತೂಬಿನ ಹತ್ರದ ಗೋಡು, ಅದಕ್ಕೆ ತೆಂಗಿನ ಚಿಪ್ಪಿನ ಇದ್ದಿಲ ಪುಡಿ..."

ಆದಿಲಕ್ಷ್ಮಿ ಕೇಳಿದಳು. ಕೇಳಿದಳು. ಕೇಳುತ್ತಲೇ ಇದ್ದಳು.

ಅವನು ಸುಸ್ತಾಗಿ ನಿಂತ. "ಅಲ್ರೀ, ಆಗ್ಲಿಂದ ಗಂಟಲು ಹರ್ಕೋತಾ ಇದೀನಿ. ನಿಮಗೆ ಬಾಯಿ ಇಲ್ವಾ?"

ಬೇರೆ ಮೇಜುಗಳಲ್ಲಿದ್ದ ವಿದ್ಯಾರ್ಥಿಗಳು ಕಿಸಕ್ಕೆಂದರು. ಆದಿಲಕ್ಷ್ಮಿಯ ಕಿವಿ ಬಿಸಿಯಾಯಿತು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು... ಆದರೂ ತಲೆಯೆತ್ತಿದಳು.

"ಈ ಗುಟ್ಟನ್ನ ಇದುವರೆಗೂ ಎಷ್ಟು ಜನರ ಮುಂದೆ ಹೀಗೆ ಕೂಗಿದ್ದೀರಿ?"

"ಏನು?"

"ಕೊಠಡಿ ತುಂಬ ಜನ ಇದ್ದಾರೆ. ನೀವು ಬಾಗಿಲು ಕೂಡ ಹಾಕಿಲ್ಲ."

ಗೆಳೆಯ ಮುನಿಯಲ್ಲಪ್ಪ ಜೋರಾಗಿ ನಕ್ಕುಬಿಟ್ಟ. "ಸಿಕ್ಕಾಕ್ಕೊಂಡ್ಯಲ್ಲೋ ಕೋದಂಡಾ! ಈ ಯಮ್ಮ ಮೂಗಿ ಅಲ್ಲ ಕಣೋ, ನಿನ್ನ ಮಾತು ಮುಗೀಲಿ ಅಂತ ಕಾಯ್ತಾ ಇದ್ಲು!"

*

ಅದು ೧೯೮೩. ಕೋಲಾರದ ಕಾನೂನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ವಕೀಲೆ ಶ್ಯಾಮಲಮ್ಮನವರು ಹಿಂದಿನ ವರ್ಷವೇ ಆ ಸಲಹಾ ಕೊಠಡಿ ತೆರೆದಿದ್ದರು. ಜೀವವಿಜ್ಞಾನ ಓದಿದ ಹುಡುಗರು ಅಲ್ಲೊಬ್ಬರು ಇಲ್ಲೊಬ್ಬರು ಸ್ವಂತ ಕಸುಬು ಕಟ್ಟಲು ಹೊರಟಿದ್ದರು. ಮಾಲೂರಿನಲ್ಲಿ ಅಣಬೆ, ಶ್ರೀನಿವಾಸಪುರದಲ್ಲಿ ರೇಷ್ಮೆ ಮೊಟ್ಟೆ. ಕರಾರು, ಪರವಾನಗಿ ಅಂದರೆ ಅವರಿಗೆ ಕೈಕಾಲು ನಡುಕ. ಅಂಥವರಿಗೆ ಶನಿವಾರ ಶನಿವಾರ ವಿದ್ಯಾರ್ಥಿಗಳೇ ಸಲಹೆ ಕೊಡಬೇಕು.

ಅದಕ್ಕೂ ಮುಂಚೆ ತರಬೇತಿ! ಶ್ಯಾಮಲಮ್ಮ ತಾವೇ ಅಣಬೆ ಬೆಳೆಯುವವನ ವೇಷ ಕಟ್ಟಿ, ಎಲೆಯಡಿಕೆ ಹಾಕಿಕೊಂಡವರ ಹಾಗೆ ದವಡೆ ಆಡಿಸುತ್ತಾ, ಹುಡುಗರ ಮುಂದೆ ಕೂತು ಗೋಳಾಡುತ್ತಿದ್ದರು. ಮಧ್ಯೆ ಬಾಯಿ ಹಾಕಿದವನ ಕಥೆ ಮುಗಿಯಿತು.

"ಲೇ, ವೈದ್ಯ ನಾಡಿ ಹಿಡಿಯೋ ಮುಂಚೆ ಔಷಧಿ ಕುಡಿಸ್ತಾನೇನೋ? ಅರ್ಧ ಗಂಟೆ ಬಾಯಿ ಮುಚ್ಕೊಂಡು ಕೇಳು! ಸೂಕ್ಷ್ಮದರ್ಶಕದಲ್ಲಿ ಅವರು ಏನು ನೋಡ್ತಾರೆ ಅಂತ ತಿಳೀದೆ ಕರಾರು ಬರೀಬೇಡ!"

ಆ ವಿದ್ಯೆಯಲ್ಲಿ ಆದಿಲಕ್ಷ್ಮಿಯನ್ನು ಮೀರಿಸಿದವರಿಲ್ಲ. ಆಂಧ್ರದ ಗಡಿಗೆ ಅಂಟಿಕೊಂಡ ರಾಯಲ್ಪಾಡಿನ ಹುಡುಗಿ. ಮನೆಗೆ ನೆಂಟರು ಬಂದರೆ ಅಡುಗೆಮನೆ ಬಾಗಿಲ ಹಿಂದೆ ನಿಲ್ಲುವವಳು. 'ಈ ಮೂಕಿ ವಕೀಲಿಕೆ ಮಾಡ್ತಾಳಂತೆ' ಎಂದು ಊರೆಲ್ಲ ನಕ್ಕಾಗ ಅವಳು ಮರುಮಾತಾಡಲಿಲ್ಲ. ಕಾಲೇಜಿಗೆ ಹೋಗುವುದನ್ನೂ ಬಿಡಲಿಲ್ಲ.

ಕೊಠಡಿಯ ಬಾಗಿಲ ಮೇಲೆ ಶ್ಯಾಮಲಮ್ಮನವರೇ ಬರೆಸಿದ ಹಲಗೆ ಇತ್ತು. 'ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆ.'

ಆದಿಲಕ್ಷ್ಮಿ ಆ ಮಾತನ್ನು ದೇವರ ಮುಂದಿನ ಆಣೆಯ ಹಾಗೆ ನಂಬಿದ್ದಳು.

*

ಮುಂದಿನ ವಾರ ಅವಳು ಮುಳಬಾಗಿಲಿನ ಗೋದಾಮಿಗೆ ಹೋದಳು. ಜೀವಾಣು ನೋಡದೆ ಕರಾರು ಬರೆಯುವ ಹಾಗಿಲ್ಲವಲ್ಲ!

ಕೋದಂಡರಾಮ ಸೂಕ್ಷ್ಮದರ್ಶಕ ಸರಿಮಾಡಿ ಪಕ್ಕಕ್ಕೆ ಸರಿದ. "ನೋಡಿ."

"ಏನೂ ಕಾಣಲ್ಲ..."

"ಉಸಿರು ಬಿಗಿ ಹಿಡೀಬೇಡಿ. ನಿಧಾನಕ್ಕೆ ನೋಡಿ."

"ಅಯ್ಯೋ! ಓಡಾಡ್ತಾ ಇವೆ! ಅಲ್ನೋಡಿ, ಒಂದು ಇನ್ನೊಂದನ್ನ ಗುದ್ದಿಕೊಂಡು ಹೋಯ್ತು!"

ಗೋದಾಮೆಲ್ಲ ಮೊಳಗಿದ ಆ ದನಿ ತನ್ನದೇ ಎಂದು ತಿಳಿದ ಕೂಡಲೇ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೋದಂಡರಾಮ ನಗಲಿಲ್ಲ. ಅವಳನ್ನೇ ನೋಡುತ್ತಾ ನಿಂತಿದ್ದ.

"ಮುಚ್ಕೋಬೇಡಿ" ಅಂದ. "ಆ ದನಿ ಚೆನ್ನಾಗಿದೆ."

ಅವತ್ತು ಬಸ್ಸಿನಲ್ಲಿ ಊರಿಗೆ ಹೋಗುವಾಗ ಕಿಟಕಿಯಾಚೆಯ ಒಂದು ಬಂಡೆಯೂ ಅವಳ ಕಣ್ಣಿಗೆ ಬೀಳಲಿಲ್ಲ...

ಕಾನೂನು ಮಾತ್ರ ಕೋದಂಡರಾಮನ ಕಡೆಗಿರಲಿಲ್ಲ. ಅವಳು ಪುಸ್ತಕ ತಿರುವಿ ಹಾಕಿ ಬಂದು ಹೇಳಿದಳು, "ಬೇಸಾಯದ ವಿಧಾನಕ್ಕೆ ನಮ್ಮ ದೇಶದಲ್ಲಿ ಪೇಟೆಂಟ್ ಸಿಗಲ್ಲ. ಯಾರಿಗೂ ಸಿಗಲ್ಲ. ಗುಟ್ಟು ಗುಟ್ಟಾಗಿರೋವರೆಗೂ ನಿಮ್ಮದು, ಅಷ್ಟೇ. ನೀವಿಬ್ಬರೂ ಕರಾರಿಗೆ ರುಜು ಹಾಕಿ. ಬಿಟ್ಟು ಹೋದವರು ವಿಧಾನವನ್ನ ಹೊರಗೆ ಕೊಡೋ ಹಾಗಿಲ್ಲ ಅಂತ."

"ಮುನಿ ಹತ್ರ ಕರಾರಾ? ಒಂದೇ ತಟ್ಟೇಲಿ ಉಂಡು ಬೆಳೆದಿದ್ದೀವಿ ಕಣ್ರೀ!"

"ಅದಕ್ಕೇ ಹೇಳ್ತಿರೋದು. ತಟ್ಟೆಗೆ ಕರಾರು ಬೇಡ. ಕಸುಬಿಗೆ ಬೇಕು."

ಅವನು ಒಪ್ಪಿದ. ಅವಳು ಕರಾರು ಬರೆದಳು, ಶ್ಯಾಮಲಮ್ಮ ತಿದ್ದಿದರು. ಇನ್ನು ರುಜು ಹಾಕುವುದಷ್ಟೇ ಬಾಕಿ. ಆಗ ಅಡ್ಡ ಬಂದವರು ಕೋದಂಡರಾಮನ ತಾಯಿ ಕದಿರಮ್ಮ. ಗೊಬ್ಬರದ ಪೊಟ್ಟಣಕ್ಕೆ ಮಗ ಅವರ ಹೆಸರನ್ನೇ ಇಟ್ಟಿದ್ದ.

"ಆಷಾಢದಲ್ಲಿ ರುಜು ಹಾಕ್ತಾರೇನೋ? ಶ್ರಾವಣ ಬರ್ಲಿ. ಕುರುಡುಮಲೆ ಗಣಪನ ಮುಂದೆ ಇಟ್ಟು ಪೂಜೆ ಮಾಡಿಸ್ಕೊಂಡು ಹಾಕಿ."

ಆದಿಲಕ್ಷ್ಮಿ 'ಬೇಡ, ಈಗಲೇ ಹಾಕಿ' ಅನ್ನಬೇಕಿತ್ತು. ಅನ್ನಲಿಲ್ಲ. ಆಷಾಢದಲ್ಲಿ ಅವಳ ಮನೆಯಲ್ಲಿ ಹೊಸ ಪೊರಕೆಯನ್ನೂ ತರುತ್ತಿರಲಿಲ್ಲ!

*

ಆಷಾಢದ ಒಂದು ಶುಕ್ರವಾರ ಕೋದಂಡರಾಮ ಕಾಲೇಜಿನ ಗೇಟಿನ ಹತ್ತಿರ ಕಾಯುತ್ತಿದ್ದ. ಕೈಯಲ್ಲಿ ಬೇಯಿಸಿದ ಕಡಲೆಕಾಯಿಯ ಪೊಟ್ಟಣ. ಎಂದೂ ಇಲ್ಲದ ತೊದಲು.

"ಶ್ರಾವಣದಲ್ಲಿ... ರುಜು ಆದ ಮೇಲೆ... ಅಮ್ಮನ್ನ ಕರ್ಕೊಂಡು ರಾಯಲ್ಪಾಡಿಗೆ ಬರ್ಲಾ? ನಿಮ್ಮ ತಂದೆ ಹತ್ರ ಮಾತಾಡೋಕೆ. ಈಗ್ಲೇ ಹೇಳ್ಬೇಡಿ! ನೀವು ಯೋಚ್ನೆ ಮಾಡ್ತೀರ ಅಂತ ಗೊತ್ತು. ನಾಳೆ ಬರ್ತೀನಿ."

ಅವನು ಹೋದ ಮೇಲೂ ಪೊಟ್ಟಣ ಬೆಚ್ಚಗಿತ್ತು. ಯೋಚಿಸುವುದೇನಿದೆ... 'ಬನ್ನಿ' ಅನ್ನಬೇಕು, ಅಷ್ಟೇ. ಒಂದೇ ಮಾತು. ರಾತ್ರಿಯೆಲ್ಲ ಅದನ್ನೇ ಬಾಯಿಪಾಠ ಮಾಡಿದಳು.

ಶನಿವಾರ ಬೆಳಿಗ್ಗೆ ಕೊಠಡಿಗೆ ಮೊದಲು ಬಂದವನು ಕೋದಂಡರಾಮನಲ್ಲ. ಮುನಿಯಲ್ಲಪ್ಪ. ಒಬ್ಬನೇ ಬಂದಿದ್ದ, ಮುಖದಲ್ಲಿ ನಗುವಿರಲಿಲ್ಲ.

ಶ್ಯಾಮಲಮ್ಮ ಕಲಿಸಿದಂತೆಯೇ ಅವಳು ಮಾಡಿದಳು. ಬಾಗಿಲು ಹಾಕಿದಳು, ನೀರಿನ ಲೋಟ ಮುಂದಿಟ್ಟಳು, ಕೇಳಲು ಕೂತಳು.

"ಗೋಡು ಹೊತ್ತೋನು ನಾನು ಮೇಡಂ. ಜರಡಿ ಹಿಡಿದೋನು, ಹಂಡೇಲಿ ಬೇಯಿಸಿದೋನು ನಾನು. ಇದ್ದಿಲು ಬೆರೆಸಿ ನೋಡೋಣ ಅಂದೋನೂ ನಾನೇ. ಪೊಟ್ಟಣದ ಮೇಲೆ ಯಾರ ಹೆಸರು? ಅವರಮ್ಮನ ಹೆಸರು! ರೈತರು ಬಂದ್ರೆ ಯಾರನ್ನ ಕೇಳ್ತಾರೆ? ಕೋದಂಡಣ್ಣ ಇದ್ದಾನಾ ಅಂತ. ನಾನು ಅವನ ಆಳು ಅಂದ್ಕೊಂಡಿದ್ದಾರೆ..."

ಅವಳು ತಡೆಯಲಿಲ್ಲ. ಕೇಳುತ್ತಲೇ ಹೋದಳು.

"ಮಾಲೂರಿನ ಗೊಬ್ಬರದಂಗಡಿ ಶ್ರೀರಾಮಪ್ಪ ಕರೀತಿದ್ದಾನೆ. ಪಾಲು ಕೊಡ್ತಾನಂತೆ, ನನ್ನ ಹೆಸರೂ ಹಾಕ್ತಾನಂತೆ. ಇನ್ನೂ ರುಜು ಹಾಕಿಲ್ವಲ್ಲ ಮೇಡಂ... ಈಗ ನಾನು ವಿಧಾನ ಹೇಳ್ಕೊಟ್ರೆ ಕಾನೂನು ನನ್ನ ಹಿಡಿಯುತ್ತಾ?"

ಆದಿಲಕ್ಷ್ಮಿ ಪೆನ್ನು ಕೆಳಗಿಟ್ಟಳು. ಮಾಲೂರಿನ ಶ್ರೀರಾಮಪ್ಪ ಅವಳ ಸೋದರಮಾವ!

"ನಿಲ್ಸಿ! ನಾನು ನಿಮ್ಮಿಬ್ಬರ ತಂಡಕ್ಕೆ ಸಲಹೆಗಾರ್ತಿ. ನಿಮಗೊಬ್ಬರಿಗೇ ಬೇರೆ ಸಲಹೆ ಕೊಡೋ ಹಾಗಿಲ್ಲ. ನೀವು ಇದನ್ನ ನನಗೆ ಹೇಳಬಾರದಿತ್ತು... ಕೋದಂಡರಾಮ ಅವರ ಹತ್ರ ನೀವೇ ಮಾತಾಡಿ. ದಯವಿಟ್ಟು!"

ಅವನು ಎದ್ದು ನಿಂತ. "ನಾನು ಹೇಳಿದ್ದು ಹೊರಗೆ ಹೋಗಲ್ಲ ತಾನೇ? ಬಾಗಿಲ ಮೇಲೆ ಬರೆಸಿದ್ದೀರಲ್ಲ, ಅದನ್ನ ನಂಬ್ಕೊಂಡೇ ಬಂದೆ."

ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು.

"...ಹೋಗಲ್ಲ."

ಮಧ್ಯಾಹ್ನ ಶ್ಯಾಮಲಮ್ಮ ನ್ಯಾಯಾಲಯದಿಂದ ಬಂದಾಗ ಅವಳು ಇಷ್ಟೇ ಹೇಳಿದಳು. "ಮೇಡಂ, ಮುಳಬಾಗಿಲಿನ ತಂಡಕ್ಕೆ ನಾನಿನ್ನು ಸಲಹೆ ಕೊಡೋ ಹಾಗಿಲ್ಲ. ಯಾಕೆ ಅಂತ ಹೇಳೋಕಾಗಲ್ಲ."

ಶ್ಯಾಮಲಮ್ಮ ಕನ್ನಡಕ ತೆಗೆದು ಅವಳ ಮುಖ ನೋಡಿದರು. "ಬಂದವರನ್ನ ಎಲ್ಲಕ್ಕಿಂತ ಮೊದಲು ಏನು ಕೇಳ್ಬೇಕಿತ್ತು?"

"ಯಾರ ಪರವಾಗಿ ಬಂದಿದ್ದೀರಿ ಅಂತ."

"ಹೂಂ. ಅದನ್ನ ಕಲಿಸೋ ಮುಂಚೆ ಸುಮ್ಮನೆ ಕೂತು ಕೇಳೋದನ್ನ ಕಲಿಸಿಬಿಟ್ಟೆ ನಾನು. ನನ್ನ ತಪ್ಪೂ ಇದೆಯಮ್ಮಾ. ಇನ್ನು ಕೇಳಿದ್ದಾಯ್ತು... ಹೊರಬೇಕು."

*

ಸಂಜೆ ಕೋದಂಡರಾಮ ಹೊಸ ಅಂಗಿ ಹಾಕಿಕೊಂಡು ಬಂದ.

ಆ ಅಂಗಿ ನೋಡಿಯೇ ಅವಳಿಗೆ ಅಳು ಬಂತು. ಒಂದು ವಾಕ್ಯ ಸಾಕಿತ್ತು. 'ಇವತ್ತೇ ಮುನಿಯಲ್ಲಪ್ಪನ ರುಜು ತಗೊಳ್ಳಿ.' ಅಷ್ಟಂದರೆ ಇವನ ಕನಸು ಉಳಿಯುತ್ತಿತ್ತು. ಆದರೆ ಬಾಗಿಲ ಮೇಲಿನ ಹಲಗೆಯನ್ನು ನಂಬಿ ಬಂದವನೊಬ್ಬ ಮೋಸ ಹೋಗುತ್ತಿದ್ದ. ತನಗೆ ಬೇಕಾದವರಿಗಾಗಿ ಮುರಿಯುವ ಮಾತು ಮಾತೇ ಅಲ್ಲ...

"ನಾನು ಇನ್ನು ನಿಮ್ಮ ಸಲಹೆಗಾರ್ತಿಯಲ್ಲ. ಬೇರೆ ವಕೀಲರ ಹತ್ರ ಹೋಗಿ. ಇವತ್ತೇ ಹೋಗಿ."

ಅವನ ಮುಖ ಕಪ್ಪಿಟ್ಟಿತು. "ಯಾಕೆ?"

"ಹೇಳೋ ಹಾಗಿಲ್ಲ."

"ನಿನ್ನೆ ನಾನು ಕೇಳಿದ್ದಕ್ಕೆ ಇದಾ ಉತ್ತರ?"

"ಅದಕ್ಕೂ ಇದಕ್ಕೂ..." ಅವಳು ಕೈ ಜೋಡಿಸಿದಳು. "ತಡ ಮಾಡ್ಬೇಡಿ. ನಿಮಗೆ ಕೈ ಮುಗೀತೀನಿ, ಇವತ್ತೇ ಯಾರಾದ್ರೂ ವಕೀಲರನ್ನ ನೋಡಿ!"

"ನನ್ನ ಸಾಗಹಾಕೋಕೆ ಅಷ್ಟೊಂದು ಅವಸರಾನಾ?" ಅವನು ಕಹಿಯಾಗಿ ನಕ್ಕ. "ಬೇಡ ಅಂದ್ರೆ ಬೇಡ ಅನ್ನಿ. ಕಾನೂನಿನ ಹಿಂದೆ ಯಾಕೆ ಬಚ್ಚಿಟ್ಕೋತೀರಾ?"

ಹೋದವನು ಹಿಂದೆ ತಿರುಗಲಿಲ್ಲ. ಯಾವ ವಕೀಲರ ಹತ್ತಿರವೂ ಹೋಗಲಿಲ್ಲ.

*

ಆಷಾಢ ಕಳೆಯುವ ಮೊದಲೇ ಮಾಲೂರಿನ ಅಂಗಡಿಯಲ್ಲಿ ಕಪ್ಪು ಗೋಡಿನ ಪೊಟ್ಟಣಗಳು ಬಂದವು. ಅದೇ ತೆಂಗಿನ ಚಿಪ್ಪಿನ ಇದ್ದಿಲು, ಅದೇ ವಿಧಾನ!

ಪೊಟ್ಟಣದ ಮೇಲೆ ಶ್ರೀರಾಮಪ್ಪನ ಹೆಸರಿತ್ತು. ಮುನಿಯಲ್ಲಪ್ಪನ ಹೆಸರು ಎಲ್ಲೂ ಇರಲಿಲ್ಲ. 'ಈಗ್ಲೇ ಬೇಡ, ಕೋದಂಡನ ಹತ್ರಾನೇ ಇದ್ದು ಅಲ್ಲಿ ಏನು ನಡೆಯುತ್ತೆ ಹೇಳ್ತಾ ಇರು' ಎಂದು ಅವನ ಬಾಯಿ ಕಟ್ಟಿದ್ದ ಶ್ರೀರಾಮಪ್ಪ, ಕೇಳಿದವರಿಗೆಲ್ಲ ಬೇರೆಯೇ ಕಥೆ ಹೇಳಿದ.

"ನಮ್ಮಕ್ಕನ ಮಗಳು ಲಾ ಓದ್ತಾಳಲ್ಲ, ಅವಳು ತಿಳ್ಸಿದ್ದು ಕಣಯ್ಯಾ! ರಕ್ತ ಸಂಬಂಧ ಅಂದ್ರೆ ಸುಮ್ನೇನಾ?"

ಆ ಮಾತು ಮುಳಬಾಗಿಲಿಗೆ ಬರಲು ಎಷ್ಟು ಹೊತ್ತು!

ಮುಂದಿನ ಶನಿವಾರ ಸಲಹಾ ಕೊಠಡಿ ಕಿಕ್ಕಿರಿದಿತ್ತು. ಕೋದಂಡರಾಮ ದೂರು ಕೊಟ್ಟಿದ್ದ. ಪಕ್ಕದಲ್ಲಿ ಮುನಿಯಲ್ಲಪ್ಪ ನೆಲ ನೋಡುತ್ತಾ ನಿಂತಿದ್ದ.

"ಶ್ರೀರಾಮಪ್ಪ ನಿಮಗೆ ಮಾವ ಅಂತ ನನಗ್ಯಾಕೆ ಹೇಳ್ಲಿಲ್ಲ?" ಕೋದಂಡರಾಮ ಕೇಳಿದ.

"ನಿಮ್ಮ ಕೆಲಸಕ್ಕೂ ನಮ್ಮ ಮಾವನಿಗೂ ಸಂಬಂಧ ಇರ್ಲಿಲ್ಲ. ಇದೆ ಅಂತ ಗೊತ್ತಾದ ದಿನವೇ ಬಿಟ್ಟೆ."

"ಗುಟ್ಟು ಕೊಟ್ಟಿದ್ದು ನೀವೇನಾ?"

"ಅಲ್ಲ."

"ಹಾಗಾದ್ರೆ ಯಾರು? ಗೊತ್ತಿದೆ ನಿಮಗೆ. ನಿಮ್ಮ ಮುಖಾನೇ ಹೇಳ್ತಿದೆ!"

ಆದಿಲಕ್ಷ್ಮಿ ಮುನಿಯಲ್ಲಪ್ಪನ ಕಡೆ ಕಣ್ಣು ಹೊರಳಿಸಲಿಲ್ಲ. ಕಣ್ಣು ಕೂಡ ಚಾಡಿ ಹೇಳಬಹುದು ಎಂದು ಎದುರಿನ ಗೋಡೆಯನ್ನೇ ನೋಡುತ್ತಾ ನಿಂತಳು.

"ನಾನು ಹೇಳಲ್ಲ."

"ಕಳ್ಳಿ!" ಹಿಂದಿನಿಂದ ಯಾರೋ ಅಂದರು. "ಆಚೆ ಹಾಕಿ ಮೇಡಂ!"

ಶ್ಯಾಮಲಮ್ಮ ಮೇಜು ಕುಟ್ಟಿದರು. ದನಿ ಮಾತ್ರ ಎಂದಿನಂತಿರಲಿಲ್ಲ. "ದೂರು ಇತ್ಯರ್ಥ ಆಗೋವರೆಗೆ ಸಲಹೆಗಾರರ ಕುರ್ಚಿಯಲ್ಲಿ ಕೂರೋ ಹಾಗಿಲ್ಲ. ನಿಯಮ ಎಲ್ಲರಿಗೂ ಒಂದೇ, ಆದಿಲಕ್ಷ್ಮಿ."

ಅವಳು ಎದ್ದಳು. ಕುರ್ಚಿಯನ್ನು ತಾನೇ ಎತ್ತಿ ಮೂಲೆಗಿಟ್ಟಳು.

"ಕುರ್ಚಿ ಬೇಡ ಮೇಡಂ. ನಿಂತ್ಕೋತೀನಿ. ಆಚೆ ಮಾತ್ರ ಹೋಗಲ್ಲ."

ಅವತ್ತಿಡೀ ಗೋಡೆಯ ಪಕ್ಕ ನಿಂತಿದ್ದಳು. ಅದರ ಮುಂದಿನ ಶನಿವಾರವೂ ಬಂದು ನಿಂತಳು. ಹುಡುಗಿಯರು ಮಾತು ಬಿಟ್ಟರು, ಹುಡುಗರು 'ಮಾಲೂರು ಮೇಡಂ' ಎಂದು ಆಡಿಕೊಂಡರು. ಅವಳು ಮತ್ತೂ ಬಂದಳು!

*

ಮನೆಯಲ್ಲಿ ಇನ್ನೊಂದು ರಣ. ಮಾವ ಶ್ರೀರಾಮಪ್ಪ ಒಂದು ದಿನ ಮೈಸೂರುಪಾಕು ಹಿಡಿದುಕೊಂಡು ರಾಯಲ್ಪಾಡಿಗೇ ಬಂದಿಳಿದ.

"ಬಾಮ್ಮಾ ಲಾಯರಮ್ಮಾ! ನಿನ್ನ ಹೆಸರು ಜಿಲ್ಲೆಗೆಲ್ಲಾ ಹರಡ್ಸಿದ್ದೀನಿ, ಬಾಯಿ ಸಿಹಿ ಮಾಡ್ಕೋ."

ಅಡುಗೆಮನೆ ಬಾಗಿಲ ಹಿಂದೆ ನಿಲ್ಲುವವಳು ನಡುಮನೆಗೆ ಬಂದು ಅವನ ಎದುರಿಗೇ ನಿಂತಳು.

"ನಾನು ನಿಮಗೆ ಹೇಳಿದ್ದು ಯಾವಾಗ ಮಾವಾ? ಅಪ್ಪನ ಮುಂದೆ ಹೇಳಿ."

"ನೀನಲ್ಲ ಅಂದ್ರೆ ಮತ್ಯಾರು ಅಂತ ನೀನೇ ಹೇಳು, ನೋಡೋಣ!" ಮಾವ ನಗುತ್ತಾ ಮೀಸೆ ಸವರಿದ. ಅವಳು ಹೇಳಲಾರಳು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ತಂದೆ ನರಸಿಂಹಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಮಗಳ ಓದಿಗಾಗಿ ಊರನ್ನೇ ಎದುರುಹಾಕಿಕೊಂಡವರು. ಅವರಿಗೂ ತಾಳ್ಮೆ ಕೆಟ್ಟಿತು. "ಹೆಸರು ಹೇಳಮ್ಮಾ. ಮುಖಕ್ಕೆ ಹತ್ತಿದ ಮಸಿ ಹೋಗುತ್ತೆ. ಇಲ್ಲ ಅಂದ್ರೆ ಕಾಲೇಜು ಸಾಕು."

"ಹೆಸರೂ ಹೇಳಲ್ಲಪ್ಪಾ. ಕಾಲೇಜೂ ಬಿಡಲ್ಲ."

"ಊರುಕೋವೇ!" ಸಿಟ್ಟು ಬಂದಾಗ ತಾಯಿ ಭಾರತಮ್ಮನ ಬಾಯಲ್ಲಿ ತೆಲುಗೇ ಬರುತ್ತಿತ್ತು. "ಅಪ್ಪನಿಗೇ ಎದುರಾಡ್ತೀಯಾ? ಸುಮ್ಮನಿರು!"

"ಸುಮ್ಮನೇ ಇದೀನಲ್ಲಮ್ಮಾ! ಸುಮ್ಮನಿರೋದಕ್ಕೇ ತಾನೇ ಎಲ್ಲರಿಗೂ ಇಷ್ಟು ಸಿಟ್ಟು?"

ಮೈಸೂರುಪಾಕಿಗೆ ಇರುವೆ ಹತ್ತಿತು. ಮಾರನೆಯ ದಿನ ಅವಳು ಬಸ್ಸಿಗೆ ಹೊರಟಾಗ ಯಾರೂ ತಡೆಯಲಿಲ್ಲ. ಭಾರತಮ್ಮ ಮುಖ ಗಂಟು ಹಾಕಿಕೊಂಡೇ ಮಗಳ ಚೀಲಕ್ಕೆ ಬುತ್ತಿ ತುರುಕಿದರು.

*

ಶ್ರಾವಣ ಬಂತು. ಒಂದು ಬೆಳಿಗ್ಗೆ ಶ್ಯಾಮಲಮ್ಮ ವಿದ್ಯಾರ್ಥಿಗಳನ್ನೆಲ್ಲ ಮುಳಬಾಗಿಲಿನ ಬಸ್ಸು ಹತ್ತಿಸಿದರು. ದೇವರಾಯಸಮುದ್ರದ ಕೆರೆ ಏರಿಯ ಮೇಲೆ ಕೋದಂಡರಾಮ ರೈತರನ್ನು ಸೇರಿಸಿದ್ದಾನಂತೆ, ವಿದ್ಯಾರ್ಥಿಗಳೂ ಬರಲಿ ಎಂದು ಹೇಳಿಕಳಿಸಿದ್ದಾನಂತೆ.

"ನಾನೂ ಬರ್ಬೇಕಾ ಮೇಡಂ?" ಆದಿಲಕ್ಷ್ಮಿ ಕೇಳಿದಳು.

"ಗೋಡೆ ಇಲ್ಲದ ಕಡೆ ನಿಲ್ಲೋಕೆ ಭಯಾನಾ?"

ಅವಳು ಬಸ್ಸು ಹತ್ತಿದಳು.

ಏರಿಯ ಮೇಲೆ ಜನ ಸೇರಿದ್ದರು. ಹುಣಸೆಮರದ ಕೆಳಗೆ ಗೋಡಿನ ರಾಶಿ, ಜರಡಿ, ಹಂಡೆ, ಇದ್ದಿಲ ಪುಡಿ... ಗೋದಾಮಿನಲ್ಲಿ ಬಚ್ಚಿಟ್ಟಿದ್ದೆಲ್ಲ ಬಯಲಿನಲ್ಲಿತ್ತು! ಕೋದಂಡರಾಮ ಸೊರಗಿದ್ದ. ಅವಳನ್ನು ನೋಡಿದ, ಏನೋ ಹೇಳಬೇಕೆಂದವನು ರೈತರ ಕಡೆ ತಿರುಗಿದ.

"ಗುಟ್ಟು ಮಾಡಿ ಕೆಟ್ಟೆ. ಇವತ್ತು ಎಲ್ಲರಿಗೂ ತೋರಿಸ್ತೀನಿ. ಯಾವ ಗೋಡು, ಹೇಗೆ ಬೇಯಿಸ್ಬೇಕು, ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಹೇಗೆ ಹಚ್ಬೇಕು, ನೆರಳಲ್ಲಿ ಯಾಕೆ ಒಣಗಿಸ್ಬೇಕು, ಎಲ್ಲಾ. ಕಡಲೆಕಾಯಿ ಬಿತ್ತನೆ ಮುಗೀತು, ಅವರೆ ಹುರುಳಿಗೆ ಇನ್ನೂ ಕಾಲ ಇದೆ. ಇದಕ್ಕೆ ಪೇಟೆಂಟ್ ಯಾರಿಗೂ ಸಿಗಲ್ಲ ಅಂತ ನನಗೆ ಕಾನೂನು ಕಲಿಸಿದೋರು ಹೇಳಿದ್ರು. ಯಾರಿಗೂ ಅಂದ್ರೆ, ಮಾಲೂರಿನೋರಿಗೂ ಇಲ್ಲ!"

ನಗು ಎದ್ದಿತು. ತಾಜಾ ಜೀವಾಣು ಬೇಕಾದವರು ತನ್ನ ಹತ್ತಿರ ಬರಲಿ, ಗೋಡು ಮಾತ್ರ ಊರೆಲ್ಲರದು ಅಂದ ಕೋದಂಡರಾಮ. ಅಷ್ಟರಲ್ಲಿ ಏರಿಯ ಮೇಲೆ ಸ್ಕೂಟರ್ ನಿಂತಿತು. ಶ್ರೀರಾಮಪ್ಪ!

"ಏನಯ್ಯಾ, ನನ್ನ ವ್ಯಾಪಾರಕ್ಕೆ ಕಲ್ಲು ಹಾಕ್ತೀಯಾ? ನಿನ್ನ ಲಾಯರಮ್ಮಾನೇ ನನಗೆ ಹೇಳಿದ್ದು! ಅಗೋ ನಿಂತವಳೆ, ಕೇಳು!"

ಎಲ್ಲರ ಕಣ್ಣೂ ಆದಿಲಕ್ಷ್ಮಿಯ ಮೇಲೆ. ಓಡಿಹೋಗೋಣ ಅನ್ನಿಸಿತು... ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೇ ನಿಂತಳು.

ಕೋದಂಡರಾಮ ಜನರ ನಡುವೆ ದಾರಿ ಮಾಡಿಕೊಂಡು ಬಂದು ಅವಳ ಪಕ್ಕ ನಿಂತ.

"ಇವರ ಬಾಯಿಂದ ಒಂದು ಮಾತು ಹೊರಡಿಸೋಕೆ ನನಗೆ ಸಾಕುಬೇಕಾಯ್ತು ಶ್ರೀರಾಮಪ್ಪನೋರೇ! ನಿಮಗೆ ಕೂರಿಸ್ಕೊಂಡು ಇಷ್ಟೆಲ್ಲಾ ಹೇಳಿದ್ರಾ?"

ರೈತರು ಹೋ ಎಂದು ನಕ್ಕರು. ಶ್ರೀರಾಮಪ್ಪ ಕೆಂಪಾದ. "ಅವಳಲ್ಲ ಅನ್ನೋಕೆ ನಿನ್ನ ಹತ್ರ ಸಾಕ್ಷಿ ಏನಿದೆ?"

"ಏನೂ ಇಲ್ಲ."

ನಗು ನಿಂತಿತು.

"ಸಾಕ್ಷಿ ಇಲ್ಲ. ಯಾರು ಅಂತಾನೂ ಗೊತ್ತಿಲ್ಲ. ಇವರಲ್ಲ ಅಂತ ಗೊತ್ತು. ಆವತ್ತು ನಾನು ತುಂಬಿದ ಕೊಠಡೀಲಿ ಇವರ ಮಾನ ಕಳೆದೆ. ಅದಕ್ಕೇ ಇವತ್ತು ತುಂಬಿದ ಏರಿ ಮೇಲೆ ಹೇಳ್ತಿದೀನಿ. ತಪ್ಪಾಯ್ತು ಆದಿಲಕ್ಷ್ಮಿಯೋರೇ. ನನ್ನ ದೂರು ವಾಪಸ್ ತಗೋತೀನಿ."

ಅವಳ ಕಣ್ಣು ತುಂಬಿ ಕೆರೆಯೆಲ್ಲ ಮಂಜಾಯಿತು.

ಹಂಡೆಯ ಹಿಂದಿನಿಂದ ಯಾರೋ ಬಿಕ್ಕಿದರು.

"ನಾನು ಕಣೋ ಕೋದಂಡಾ." ಮುನಿಯಲ್ಲಪ್ಪ ಜರಡಿ ಕೆಳಗಿಟ್ಟ. "ನಾನು ಹೇಳ್ದೆ. ಈ ಯಮ್ಮನಿಗೆ ಮೊದ್ಲೇ ಗೊತ್ತಿತ್ತು. ಕಳ್ಳಿ ಅಂದ್ರೂ ನನ್ನ ಹೆಸರು ಎತ್ತಲಿಲ್ಲ. ದಿನಾ ಕಾಯ್ತಿದ್ದೆ, ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ... ಹೇಳಿಬಿಟ್ಟಿದ್ರೆ ನನಗೆ ನಿದ್ದೆ ಬರ್ತಿತ್ತು!"

ಸ್ಕೂಟರ್ ಶುರುವಾದ ಸದ್ದು ಕೇಳಿತು. ಯಾರೂ ಆ ಕಡೆ ನೋಡಲಿಲ್ಲ. ಕೋದಂಡರಾಮ ಗೆಳೆಯನ ಕೊರಳಪಟ್ಟಿ ಹಿಡಿದ, ಕೈ ಎತ್ತಿದ... ಎತ್ತಿದ ಕೈ ಹಾಗೇ ಇಳಿಯಿತು.

"ನನ್ನ ಹೆಸರೂ ಹಾಕು ಅಂತ ಒಂದ್ಸಲ ಕೇಳಬಾರದಿತ್ತೇನೋ ಮುನೀ?"

"ನೀನಾಗೇ ಹಾಕ್ತೀಯ ಅಂದ್ಕೊಂಡಿದ್ದೆ ಕಣೋ."

ಕೋದಂಡರಾಮ ಅವನ ಕೊರಳಪಟ್ಟಿ ಬಿಟ್ಟ. ಶ್ಯಾಮಲಮ್ಮ ವಿದ್ಯಾರ್ಥಿಗಳ ಕಡೆ ತಿರುಗಿ ಗದರಿದರು. "ಏನ್ರೋ ನಿಂತ್ಕೊಂಡು ನೋಡ್ತೀರಾ? ಇದನ್ನ ಯಾವ ಪುಸ್ತಕದಲ್ಲೂ ಓದಕ್ಕಾಗಲ್ಲ. ನಡೀರಿ, ಗೋಡು ಜರಡಿ ಹಿಡೀರಿ! ಕಳ್ಳಿ ಅಂದೋನು ಯಾರು? ಅವನು ಮೊದಲು ಹೋಗಿ ಕ್ಷಮೆ ಕೇಳ್ಲಿ!"

*

ಮಧ್ಯಾಹ್ನ ಹೆದ್ದಾರಿಯ ಪಕ್ಕ ಅವಳು ಊರಿಗೆ ಹೋಗಲು ಶ್ರೀನಿವಾಸಪುರದ ಬಸ್ಸಿಗೆ ಕಾಯುತ್ತಿದ್ದಳು. ಅವನು ಬಂದು ಸ್ವಲ್ಪ ದೂರದಲ್ಲಿ ನಿಂತ.

"ಮುನಿ ಹೇಳೋ ಮುಂಚೆ ನೀವು ನನ್ನ ನಂಬಿದ್ದು ಹೇಗೆ?" ಅವಳೇ ಕೇಳಿದಳು.

"ಕೋಪ ಇಳಿದ ಮೇಲೆ ಯೋಚ್ನೆ ಮಾಡ್ದೆ. ಮೋಸ ಮಾಡೋರು ಯಾರಾದ್ರೂ 'ಬೇರೆ ವಕೀಲರನ್ನ ನೋಡಿ' ಅಂತ ಕೈ ಮುಗೀತಾರಾ? ನಾನು ಹೊಸ ಅಂಗಿ ಹಾಕ್ಕೊಂಡಿದ್ದೆ ನೋಡಿ... ಬೇರೆ ಏನೂ ಕಿವಿಗೆ ಬೀಳ್ಲಿಲ್ಲ." ಅವನು ನೆಲ ನೋಡಿದ. "ಹೆಸರು ಬೇಡ, ಎಚ್ಚರ ಅಂತ ಒಂದು ಮಾತು ಅಂದಿದ್ರೂ..."

"ಅನ್ನುತ್ತಿರಲಿಲ್ಲ." ಆದಿಲಕ್ಷ್ಮಿ ನೇರವಾಗಿ ಅವನ ಕಣ್ಣು ನೋಡಿದಳು. "ಈಗ್ಲೂ ಅನ್ನಲ್ಲ. ಸರಿಯಾಗಿ ಕೇಳ್ಕೊಳ್ಳಿ. ನಾನು ವಕೀಲೆ ಆಗ್ತೀನಿ. ನಾಳೆ ಯಾರೋ ಬಂದು ನನಗೆ ಹೇಳೋ ಮಾತಿಂದ ನಿಮಗೇ ನಷ್ಟ ಆಗಬಹುದು. ಅವತ್ತು ರಾತ್ರಿ ನಿಮ್ಮ ಪಕ್ಕದಲ್ಲೇ ಕೂತು ಮುದ್ದೆ ಉಣ್ತಾ ಇರ್ತೀನಿ, ಹೇಳಲ್ಲ. ಅದಕ್ಕೆ ಕ್ಷಮೆಯೂ ಕೇಳಲ್ಲ. ಇಂಥವಳು ಬೇಡ ಅಂದ್ರೆ ಈಗ್ಲೇ ಹೇಳಿಬಿಡಿ!"

ಅವನು ತಕ್ಷಣ ಉತ್ತರಿಸಲಿಲ್ಲ. ಅದೇ ಅವಳಿಗೆ ಹಿಡಿಸಿತು. ಯೋಚಿಸುತ್ತಿದ್ದ.

"ಸಿಟ್ಟು ಬರುತ್ತೆ" ಅಂದ ಕೊನೆಗೆ. "ಬಂದೇ ಬರುತ್ತೆ, ಸುಳ್ಳು ಯಾಕೆ ಹೇಳ್ಲಿ? ಜಗಳ ಆಡ್ತೀನಿ. ಆದ್ರೆ ಉಣ್ತಿರೋ ತಟ್ಟೆ ಬಿಟ್ಟು ಎದ್ದು ಹೋಗಲ್ಲ. ನಿಮ್ಮ ಮೌನಕ್ಕೆ ನಾನೇ ಅರ್ಥ ಕಟ್ಟಲ್ಲ. ಅಷ್ಟು ಸಾಕಾ?"

ಬಾಯಿಪಾಠ ಮಾಡಿದ್ದ ಮಾತು ಮರೆತೇಹೋಗಿತ್ತು. ಬೇರೆಯದೇ ಬಂತು.

"ಅಪ್ಪನಿಗೆ ಇನ್ನೂ ನನ್ನ ಮೇಲೆ ಕೋಪ. ಅಮ್ಮ ತೆಲುಗಲ್ಲಿ ಬೈತಾರೆ. ಮಾವ ಅಂತೂ ಮನೆ ಮುಂದೆ ಕೂತ್ಕೊಂಡು ತಡೀತಾನೆ."

"ತಡೀಲಿ. ಕುರ್ಚಿ ಕೊಡದಿದ್ರೆ ನಿಂತ್ಕೋತೀನಿ. ನಿಲ್ಲೋದನ್ನ ಕಲಿಸೋರು ಸಿಕ್ಕಿದ್ದಾರಲ್ಲ!"

ಅವಳು ನಕ್ಕಳು. ಗೋದಾಮಿನಲ್ಲಿ ಕೂಗಿದ ಹಾಗೆ, ಜೋರಾಗಿ. ಈ ಸಲ ಸೆರಗು ಬಾಯಿಗೆ ಬರಲಿಲ್ಲ.

ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲಿಗೆ ನೇತಾಡುತ್ತಾ ಕೂಗಿದ. "ಶ್ರೀನಿವಾಸ್ಪುರ, ಶ್ರೀನಿವಾಸ್ಪುರ! ಹತ್ತಮ್ಮಾ!"

"ಹತ್ತಿ" ಅಂದ ಕೋದಂಡರಾಮ. "ಮುಂದಿನ ಬಸ್ಸು ಸಂಜೆಗೇ ಬರೋದು."

ಆದಿಲಕ್ಷ್ಮಿ ಚೀಲವನ್ನು ಮೈಲಿಗಲ್ಲಿನ ಮೇಲಿಟ್ಟಳು. ಬಸ್ಸು ಧೂಳೆಬ್ಬಿಸಿ ಹೋಯಿತು.

"ಹೋಗ್ಲಿ ಬಿಡಿ" ಅಂದಳು. "ಹೇಳಬಾರದ ಮಾತು ಒಂದೇ ಇತ್ತು. ನಿಮಗೆ ಹೇಳೋ ಮಾತು ಬೇಕಾದಷ್ಟಿದೆ... ಕೂತ್ಕೊಳ್ಳಿ."